ನೀಲವ್ವನ ನಾಲ್ಕನೆಯ ಭಾಗ

ದೀಪಾವಳಿಗೆ ಇನ್ನೂ ಹನ್ನೊಂದು ದಿನ ಇರುವಾಗ ಡಾಕ್ಟರು ಗದಿಗೆಪ್ಪನನ್ನು ಆಸ್ಪತ್ರೆಯ ವರಾಂಡಕ್ಕೆ ಕರೆದುಕೊಂಡು ಹೋಗಿ, ನಿಮ್ಮ ಹೆಂಡತಿ ಹಬ್ಬ ಕಂಡರೆ ಕಾಣಬಹುದು, ಅದರ ಮೇಲೆ ಒಂದು ವಾರ, ಬಹಳವೆಂದರೆ ಹತ್ತು ದಿನ, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಿದರು. ಹೊಟ್ಟೆಯೊಳಗಿನ ಗಡ್ಡೆ ಎಲ್ಲ ಕಡೆ ಬೇರು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಗದಿಗೆಪ್ಪ ಕೈಕಟ್ಟಿ ನಿಂತು ಕೇಳಿದ. ಮಸೀದ್ ಬಂದರಿನ ಹತ್ತಿ ವ್ಯಾಪಾರದ ಪೇಢಿಯೊಂದರಲ್ಲಿ ಇಪ್ಪತ್ತಾರು ವರ್ಷ ಪತ್ರ ಬರೆಯುವ ಗುಮಾಸ್ತನಾಗಿದ್ದವನಿಗೆ ಕೈಕಟ್ಟಿ ಕೇಳುವುದು ರೂಢಿಯಾಗಿತ್ತು. ಆದರೆ ಆ ದಿನ ಅವನಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು. ಡಾಕ್ಟರ ಮೇಲಲ್ಲ, ದೇವರ ಮೇಲೆ. ಇಷ್ಟು ದೊಡ್ಡ ಮುಂಬಯಿಯನ್ನು ಬಿಟ್ಟು ಅವನು ಒಬ್ಬ ಗುಮಾಸ್ತನ ಮನೆಗೇ ಕೈ ಹಾಕಬೇಕಾಗಿತ್ತೆ?

ರಾಚವ್ವ ಮಾತ್ರ ಘಾಟ್ಕೋಪರಿನ ಚಾಳಿಗೆ ವಾಪಸು ಬಂದು, ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತು, ಉಸಿರು ಸುಧಾರಿಸಿಕೊಂಡವಳೇ ಕೇಳಿದ ಮೊದಲ ಮಾತು ಇದು: "ನೀಲವ್ವನ ನಾಕನೇ ಭಾಗ ಬಂತೇನ್ರಿ?"

ನೀಲವ್ವ ಯಾರೆಂದು ಹೇಳದಿದ್ದರೆ ಮುಂದೆ ನಡೆದ ಅಪರಾಧದ ತಲೆಬುಡ ತಿಳಿಯುವುದಿಲ್ಲ. ಹುಬ್ಬಳ್ಳಿಯ ಒಂದು ಪುಟ್ಟ ಛಾಪಖಾನೆಯವರು ವರ್ಷಕ್ಕೊಂದು ಪತ್ತೇದಾರಿ ಕಾದಂಬರಿಯನ್ನು ನಾಲ್ಕು ತೆಳು ಪುಸ್ತಕಗಳಾಗಿ ಹೊರತರುತ್ತಿದ್ದರು. ನಾಲ್ಕನೆಯದು ಸರಿಯಾಗಿ ದೀಪಾವಳಿಗೆ ಬರಬೇಕು. ಕತೆ ನಡೆಯುವುದು ಬಾದಶಹರ ಕಾಲದ ವಿಜಾಪುರದಲ್ಲಿ, ಅದೂ ಯಾವುದಾದರೂ ಹಬ್ಬದ ಗಡಿಬಿಡಿಯಲ್ಲಿ. ನಾಗರಪಂಚಮಿಯ ಜೋಕಾಲಿ ಕಟ್ಟಿದ ಮರದ ಕೆಳಗೆ ಒಂದು ಹೆಣ. ಸಂಕ್ರಾಂತಿಯ ಎಳ್ಳು ಬೀರುವಾಗ ಮಾಯವಾದ ಮುತ್ತಿನ ಸರ. ಪತ್ತೆ ಮಾಡುವವನು ಕೋತವಾಲನಲ್ಲ. ಗಾಣದ ನೀಲವ್ವ ಎಂಬ ವಿಧವೆ. ಮನೆಮನೆಗೆ ಎಣ್ಣೆ ಹಾಕುವವಳು, ಯಾವ ಮನೆಗೂ ಹಿತ್ತಿಲ ಬಾಗಿಲಿನಿಂದ ಹೋಗುವವಳು, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತ ಊರ ಸುದ್ದಿಯನ್ನೆಲ್ಲ ಕಿವಿಗೆ ಹಾಕಿಕೊಳ್ಳುವವಳು. ಆ ಕತೆಗಳಲ್ಲಿ ರಕ್ತ ಹರಿಯುವುದು ಕಡಿಮೆ, ಹೋಳಿಗೆಯ ಮೇಲೆ ತುಪ್ಪ ಹರಿಯುವುದು ಹೆಚ್ಚು. ಕೊನೆಗೆ ಕಳ್ಳ ಸಿಕ್ಕಿ, ಹಬ್ಬ ಸಾಂಗವಾಗಿ ನಡೆದು, ಎಲ್ಲರೂ ಉಂಡು ಮಲಗುತ್ತಿದ್ದರು.

ರಾಚವ್ವನಿಗೆ ಓದು ಬರುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಗದಿಗೆಪ್ಪನೇ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡು ಓದಿ ಹೇಳುತ್ತಿದ್ದ. ಮಕ್ಕಳಿಲ್ಲದ ಮನೆಯಲ್ಲಿ ನೀಲವ್ವ ಆಗಾಗ ಬಂದು ಇದ್ದು ಹೋಗುವ ನೆಂಟಳಾಗಿಬಿಟ್ಟಿದ್ದಳು. ರಾಚವ್ವ ಸುಮ್ಮನೆ ಕೇಳುವ ಪೈಕಿಯಲ್ಲ. ಎರಡನೆಯ ಭಾಗ ಮುಗಿಯುವಷ್ಟರಲ್ಲಿ ಅಪರಾಧಿ ಯಾರೆಂದು ಹೇಳಿಬಿಡುತ್ತಿದ್ದಳು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಗದಿಗೆಪ್ಪ ಒಮ್ಮೆಯೂ ಸರಿಯಾಗಿ ಹೇಳಿರಲಿಲ್ಲ. ಅವನು ಇನ್ನೊಂದು ಕೆಲಸ ಮಾಡುತ್ತಿದ್ದ. ಪ್ರತಿ ಕತೆಯಲ್ಲೂ ಅಪರಾಧಿ ಎಲ್ಲಿ ಎಡವಿದನೆಂದು ಒಂದು ನೋಟ್‌ಬುಕ್ಕಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿಡುತ್ತಿದ್ದ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಆ ವರ್ಷದ ಕತೆಯಲ್ಲಿ ದೀಪಾವಳಿಯ ಮುನ್ನಾದಿನ ಒಬ್ಬ ಅತ್ತರಿನ ವ್ಯಾಪಾರಿ ತನ್ನ ಅಂಗಡಿಯೊಳಗೆ ಸತ್ತುಬಿದ್ದಿದ್ದ. ಮೂರನೆಯ ಭಾಗದ ಕೊನೆಗೆ ನೀಲವ್ವ ಎಣ್ಣೆಯ ಕೊಡ ಕೆಳಗಿಟ್ಟು, "ನಾಳೆ ದೀಪ ಹಚ್ಚುವ ಹೊತ್ತಿಗೆ ಹೆಸರು ಹೇಳುತ್ತೇನೆ" ಎಂದಿದ್ದಳು. ರಾಚವ್ವನಿಗೆ ಪನ್ನೀರು ಮಾರುವ ಒಬ್ಬನ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಆಸ್ಪತ್ರೆಯಿಂದ ಬಂದ ಆ ದಿನ ಅವಳು ಗಂಡನ ಬಾಡಿದ ಮುಖ ನೋಡಿ ನಕ್ಕಳು.

"ಯಾಕ ಅಷ್ಟು ಸಣ್ಣ ಮಾರಿ ಮಾಡೀರಿ? ನೀಲವ್ವ ಆ ಕೊಲೆಗಡಕನ್ನ ಹಿಡಿಯೂತನಕ ನಾ ಎಲ್ಲಿಗೂ ಹೋಗೂದಿಲ್ಲ, ತಗೋರಿ."

ಹೆಂಡತಿ ಸಮಾಧಾನಕ್ಕೆ ಹೇಳಿದ ಮಾತನ್ನು ಗಂಡ ಕರಾರುಪತ್ರದಂತೆ ಹಿಡಿದುಕೊಂಡ. ಎಲ್ಲ ಅಲ್ಲಿಂದಲೇ ಶುರುವಾಯಿತು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ನಾಲ್ಕನೆಯ ಭಾಗ ಪೇಢಿಯ ವಿಳಾಸಕ್ಕೆ ಅಂಚೆಯಲ್ಲಿ ಬಂತು. ಸಂಜೆಯ ಲೋಕಲ್‌ನಲ್ಲಿ ಬಾಗಿಲ ಹತ್ತಿರ ಜೋತುಬಿದ್ದು ನಿಂತು ಅವನು ಅದನ್ನು ಓದಿದ. ಹಿಂದೆಂದೂ ಅವಳಿಗಿಂತ ಮೊದಲು ಓದಿದವನಲ್ಲ. ಕೊಲೆಗಾರ ಪನ್ನೀರಿನವನೇ. ದಾದರ್ ದಾಟುವಾಗ ಅವನಿಗೆ ಹೆಂಡತಿಯ ಬಗ್ಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಕುರ್ಲಾ ಬರುವಷ್ಟರಲ್ಲಿ ಕಣ್ಣೀರು ಆರಿ ಅವನು ಲೆಕ್ಕ ಹಾಕತೊಡಗಿದ. ಈ ಪುಸ್ತಕವನ್ನು ಓದಿ ಹೇಳಲು ಒಂದೂವರೆ ತಾಸು ಸಾಕು. ಆಮೇಲೆ? ಮುಂದಿನ ನೀಲವ್ವ ಬರುವುದು ಇನ್ನೊಂದು ವರ್ಷಕ್ಕೆ. ಈ ನೀಲವ್ವ ಕೊಲೆಗಾರನನ್ನು ಹಿಡಿದಳೆಂದರೆ ರಾಚವ್ವನ ಕರಾರು ಮುಗಿಯಿತು. ನೀಲವ್ವ ಅವನನ್ನು ಹಿಡಿಯದೇ ಹೋದರೆ? ಹಿಡಿಯದಂತೆ ಯಾರಾದರೂ ನೋಡಿಕೊಂಡರೆ?

ಘಾಟ್ಕೋಪರಿನಲ್ಲಿ ಇಳಿದ ಗದಿಗೆಪ್ಪ ಪುಸ್ತಕವನ್ನು ಕೋಟಿನ ಒಳಜೇಬಿಗೆ ಇಳಿಸಿ ಗುಂಡಿ ಹಾಕಿದ. ಐವತ್ತೊಂದು ವರ್ಷ ಪ್ರಾಮಾಣಿಕನಾಗಿ ಬಾಳಿದವನು ಆ ಮೆಟ್ಟಿಲು ಹತ್ತುವಾಗ ಅಪರಾಧಿಯಾಗಿದ್ದ.

ಬೇರೆ ಯಾರಾದರೂ ಆಗಿದ್ದರೆ ಆತುರಪಡುತ್ತಿದ್ದರು. ಅವನು ನೋಟ್‌ಬುಕ್ಕು ತೆಗೆದು ಓದಿದ. ಹನ್ನೊಂದು ವರ್ಷದ ಕೊಲೆಗಾರರೂ ಕಳ್ಳರೂ ಅವನಿಗೆ ಬುದ್ಧಿ ಹೇಳಲು ಅಲ್ಲಿ ಸಾಲುಗಟ್ಟಿ ನಿಂತಿದ್ದರು. ಜೊತೆಗಾರನನ್ನು ಸೇರಿಸಿಕೊಂಡವರು ಜೊತೆಗಾರನಿಂದಲೇ ಸಿಕ್ಕಿಬಿದ್ದಿದ್ದರು. ಆದ್ದರಿಂದ ಯಾರಿಗೂ ಹೇಳಕೂಡದು. ನಕಲಿ ವಸ್ತು ಹೊಸದಾಗಿ ಕಂಡು ಮೂವರು ಕೆಟ್ಟಿದ್ದರು. ಗೆದ್ದೆನೆಂದು ಬೀಗಿ ಒಬ್ಬ ಹಾಳಾಗಿದ್ದ. ಗದಿಗೆಪ್ಪ ಒಂದೊಂದಕ್ಕೂ ಉಪಾಯ ಹುಡುಕಿದ.

ಮೊದಲು ನಿಜವಾದ ನಾಲ್ಕನೆಯ ಭಾಗ ಅವಳ ಕಿವಿಗೆ ಬೀಳದಂತೆ ಮಾಡಬೇಕಿತ್ತು. ಚಾಳಿನಲ್ಲಿ ನೀಲವ್ವನನ್ನು ಬಲ್ಲ ಮನೆಗಳು ಇನ್ನೆರಡೇ. ಒಂದು ಬೆಳಗಾವಿ ಕಡೆಯ ಸಿದ್ದರಾಮಪ್ಪನದು. ಅವನೂ ಪುಸ್ತಕ ತರಿಸುತ್ತಿದ್ದ, ಓದಿದ್ದನ್ನು ಇಡೀ ಗ್ಯಾಲರಿಗೆ ಕೇಳುವಂತೆ ಹೇಳುತ್ತಿದ್ದ. ಇನ್ನೊಂದು ಪಕ್ಕದ ಖೋಲಿಯ ವಾರಿಜಾಳದು. ಉಡುಪಿಯ ಹುಡುಗಿ, ಗಂಡ ಸದಾನಂದ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಕ್ಯಾಶಿಯರು. ಗದಿಗೆಪ್ಪ ಕೆಲಸಕ್ಕೆ ಹೋದ ಮೇಲೆ ರಾಚವ್ವನ ಗಂಜಿ, ಔಷಧ, ಮೈ ಒರೆಸುವುದು ಎಲ್ಲ ಅವಳ ಪಾಲಿಗೆ ಬಂದಿತ್ತು. ಸದಾನಂದ ತನ್ನ ಹೋಟೆಲಿನ ಹತ್ತಿರದ ಕನ್ನಡ ವಾಚನಾಲಯದಿಂದ ಹೆಂಡತಿಗೆ ಪುಸ್ತಕ ತಂದುಕೊಡುತ್ತಿದ್ದ.

ಭಾನುವಾರ ಗದಿಗೆಪ್ಪ ಗ್ರಾಂಟ್ ರೋಡಿಗೆ ಹೋಗಿ ವಾಚನಾಲಯದ ಬೆಂಚಿನ ಮೇಲೆ ಒಂದು ತಾಸು ವೃತ್ತಪತ್ರಿಕೆ ಹಿಡಿದು ಕೂತ. ಎದ್ದಾಗ ಅಲ್ಲಿನ ನಾಲ್ಕನೆಯ ಭಾಗದ ರಟ್ಟಿನೊಳಗೆ ಮೂರು ವರ್ಷದ ಹಿಂದಿನ ನೀಲವ್ವ ಇದ್ದಳು, ಹೊಸ ನೀಲವ್ವ ಅವನ ಕೋಟಿನಲ್ಲಿದ್ದಳು. ಕೆಲಸ ಸಲೀಸಾಗಿ ಆಯಿತು. ಅದು ಅವನಿಗೇ ಆಶ್ಚರ್ಯವಾಯಿತು.

ಸಿದ್ದರಾಮಪ್ಪನದು ಕಷ್ಟವಾಯಿತು. ಅವನ ಪುಸ್ತಕ ಬಂದ ದಿನವೇ ಗದಿಗೆಪ್ಪ, ನಂದಿನ್ನೂ ಬಂದಿಲ್ಲ, ಒಂದು ದಿನದ ಮಟ್ಟಿಗೆ ಕೊಡು ಎಂದು ಬೇಡಿ ಇಸಿದುಕೊಂಡ. ಮರುದಿನ ಬರಿಗೈಯಲ್ಲಿ ನಿಂತು, ಲೋಕಲ್‌ನಲ್ಲಿ ಬಿಟ್ಟುಬಂದೆ ಎಂದ. ಸಿದ್ದರಾಮಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಹದಿನೈದು ವರ್ಷದ ಗೆಳೆತನಾನೂ ಅಲ್ಲೇ ಬಿಟ್ಟು ಬಂದೀ ನೋಡು," ಎಂದು ಬಾಗಿಲು ಹಾಕಿಕೊಂಡ. ಅಂದಿನಿಂದ ಮಾತು ಬಿಟ್ಟ. ಗದಿಗೆಪ್ಪನಿಗೆ ನೋವಾಯಿತು, ಆದರೆ ಅದನ್ನೂ ಅವನು ಲಾಭದ ಕಡೆಗೇ ಹಾಕಿಕೊಂಡ. ಮಾತು ಬಿಟ್ಟವನು ಮನೆಗೆ ಬಂದು ಕತೆ ಹೇಳುವುದಿಲ್ಲವಲ್ಲ.

ಇನ್ನು ಮುಗಿಯದ ನಕಲಿ ನಾಲ್ಕನೆಯ ಭಾಗವೊಂದನ್ನು ಕಂತು ಕಂತಾಗಿ ತಾನೇ ಬರೆಯುವ ಕೆಲಸ. ಓದು ಬಾರದವಳನ್ನು ಮೋಸ ಮಾಡಲು ಯಾವ ಕಾಗದವಾದರೇನು ಎಂದು ನೀವು ಕೇಳಬಹುದು. ನಿಮಗೆ ರಾಚವ್ವ ಗೊತ್ತಿಲ್ಲ. ಅವಳು ಪ್ರತಿ ಪುಸ್ತಕವನ್ನೂ ಮೊದಲು ಕೈಗೆ ತೆಗೆದುಕೊಂಡು ಚಿತ್ರ ನೋಡುತ್ತಿದ್ದಳು, ಮೂಸುತ್ತಿದ್ದಳು, ದಾರ ಎಳೆದು ನೋಡುತ್ತಿದ್ದಳು. ಓದುವಾಗ ಹಾಳೆ ತಿರುಗುವ ಸಪ್ಪಳ ಲೆಕ್ಕ ಹಿಡಿದು, ಇನ್ನು ಎರಡೇ ಹಾಳೆ ಉಳೀತು ಎನ್ನುತ್ತಿದ್ದಳು. ಗದಿಗೆಪ್ಪ ಅದೇ ಮಾಸಲು ಕಾಗದ ತಂದು ಅದೇ ಅಳತೆಗೆ ಕತ್ತರಿಸಿದ. ಛಾಪಖಾನೆಯವರು ಹೊಲಿಯುವಂತೆಯೇ ಕೆಂಪು ದಾರದಿಂದ ಎರಡು ಹೊಲಿಗೆ ಹಾಕಿದ. ಚಿತ್ರಗಳನ್ನು ಹಳೆಯ ಭಾಗಗಳಿಂದ ಬಿಡಿಸಿ ಅಂಟಿಸಿದ. ಶಾಯಿಯ ವಾಸನೆ ಹೋಗಲೆಂದು ಪ್ರತಿ ಕಂತನ್ನೂ ಒಂದು ದಿನ ಪೇಢಿಯ ಹಳೆಯ ಕಾಗದಗಳ ನಡುವೆ ಇಟ್ಟ. ಬರೆಯುವುದು ಮಧ್ಯಾಹ್ನದ ಊಟದ ಬಿಡುವಿನಲ್ಲಿ. ಊಟ? ಅದನ್ನು ಅವನು ಬಿಟ್ಟೇಬಿಟ್ಟ.

ಇಷ್ಟೆಲ್ಲ ಸಿದ್ಧವಾದ ಮೇಲೆ, ನರಕ ಚತುರ್ದಶಿಯ ಸಂಜೆ, ಅವನು ಬಾಯಿಪಾಠ ಮಾಡಿಕೊಂಡ ಮಾತನ್ನು ಹೇಳಿದ.

"ಈ ಸಲ ನೀಲವ್ವಗ ಭಾಳ ಮಂದಿ ಓದುಗರು ಹುಟ್ಯಾರಂತ. ಅದಕ್ಕ ನಾಕನೇ ಭಾಗ ಒಮ್ಮೆಲೆ ಕೊಡೂದಿಲ್ಲಂತ. ಸಣ್ಣ ಸಣ್ಣ ಕಂತು ಮಾಡಿ ವಾರಕ್ಕ ಐದಾರು ಕಳಸ್ತಾರಂತ."

"ಹಂಗಾರ ಭಾಳ ದಿನ ನಡೀತೈತೇನ್ರಿ?"

"ನಡೀತೈತಿ."

"ನಡೀಲಿ ಬಿಡ್ರಿ," ಎಂದಳು ರಾಚವ್ವ. "ಹೊರಗ ಪಟಾಕ್ಷಿ ಸಪ್ಪಳ ಭಾಳ ಐತಿ. ಜರಾ ಜೋರಾಗಿ ಓದ್ರಿ."

ಮೊದಲ ಕಂತಿನಲ್ಲಿ ನೀಲವ್ವ ಹೆಸರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅರಮನೆಯಿಂದ ಕರೆ ಬಂತು. ರಾಚವ್ವ, "ಆ ಪನ್ನೀರಿನಾಂವ ಎಲ್ಲಿ ಹ್ವಾದ? ಅವನ ಮ್ಯಾಲೆ ಕಣ್ಣಿಡಂತ ಹೇಳ್ರಿ ಆಕಿಗೆ," ಎಂದು ಗದರಿಸಿದಳು. ಗದಿಗೆಪ್ಪನಿಗೆ ಜೀವ ಬಂತು. ಎರಡನೆಯ ಕಂತಿನಲ್ಲಿ ಎಡವಟ್ಟಾಯಿತು. ಹಬ್ಬದ ಬಣ್ಣ ಚೆನ್ನಾಗಿ ಬರಲೆಂದು ಅವನು ಚತುರ್ದಶಿಯ ಬೆಳಿಗ್ಗೆ ಪನ್ನೀರಿನವನ ಹೆಂಡತಿ ಅಂಗಳದಲ್ಲಿ ಸಗಣಿಯಲ್ಲಿ ಮಾಡಿದ ಪಾಂಡವರ ಗೊಂಬೆಗಳನ್ನು ಇಡುವ ಒಂದು ಸೊಗಸಾದ ವರ್ಣನೆ ಬರೆದಿದ್ದ.

"ನಿಂದರ್ರಿ, ನಿಂದರ್ರಿ," ಎಂದಳು ರಾಚವ್ವ. "ಚತುರ್ದಶಿ ದಿನ ಪಾಂಡವರನ್ನ ಯಾರ ಇಡತಾರ? ಅದು ಪಾಡ್ಯದ ದಿನ. ಇದನ್ನ ಬರದಾಂವ ಹಬ್ಬ ಮಾಡಿದಾಂವ ಅಲ್ಲ, ಮಾಡಿದ್ದನ್ನ ಕುಂತು ಉಂಡಾಂವ ಕಾಣ್ತಾನ."

ಗದಿಗೆಪ್ಪನ ಕಿವಿ ಬಿಸಿಯಾಯಿತು. "ಛಾಪಖಾನಿಯವರ ತಪ್ಪಿರಬೇಕು."

"ಇರಬೇಕು. ಓದ್ರಿ ಮುಂದ."

ಆ ಮೇಲೆ ಅವನು ಅಡುಗೆಮನೆಯ ತಂಟೆಗೆ ಹೋಗಲಿಲ್ಲ. ನೀಲವ್ವನನ್ನು ಊರಿನಿಂದಲೇ ಹೊರಗೆ ಕರೆದುಕೊಂಡು ಹೋದ. ಅವಳು ಎಣ್ಣೆಯ ಕೊಡ ಹೊತ್ತು ಕಲಬುರ್ಗಿಗೆ ಹೋದಳು, ಅಲ್ಲಿ ಒಬ್ಬ ಮೆಳ್ಳೆಗಣ್ಣಿನವನನ್ನು ಬೆನ್ನಟ್ಟಿ ಬೀದರಿಗೆ ಹೋದಳು, ಒಂದು ಒಂಟೆ ಕಳೆದುಹೋದದ್ದರಿಂದ ಗೋವಳಕೊಂಡದವರೆಗೂ ಅಲೆದಳು. ಕತೆ ಅಂದರೆ ಏನು ಕತೆ! ಸತ್ತವರು ಎದ್ದುಬಂದರು, ಅವಳಿಜವಳಿಗಳು ಹುಟ್ಟಿಕೊಂಡರು. ಯಾವ ಛಾಪಖಾನೆಯವರೂ ಅದನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಆದರೆ ರಾಚವ್ವ ಕೇಳಿದಳು. ಡಾಕ್ಟರು ಹೇಳಿದ ಒಂದು ವಾರ ಕಳೆಯಿತು, ಹತ್ತು ದಿನ ಕಳೆಯಿತು, ತುಳಸಿ ಲಗ್ನವೂ ಆಗಿಹೋಯಿತು. ಸಂಜೆಯ ಹೊತ್ತು ಅವಳಿಗೆ ಎಚ್ಚರವೇ ಇರುವುದಿಲ್ಲ, ಮಂಪರಿನಲ್ಲಿ ಇರುತ್ತಾಳೆ ಎಂದಿದ್ದರು ಡಾಕ್ಟರು. ಗದಿಗೆಪ್ಪ ಏಳು ಗಂಟೆಗೆ ಬಾಗಿಲು ನೂಕಿದರೆ ಅವಳು ಕಣ್ಣು ಅಗಲಿಸಿ ಕಾಯುತ್ತಿದ್ದಳು.

"ಇವತ್ತಿಂದು ಬಂತೇನ್ರಿ?"

"ಬಂತು."

ಒಂದು ಸಣ್ಣ ಬದಲಾವಣೆಯನ್ನು ಅವನು ಗಮನಿಸಿದ್ದ. ಪಾಡ್ಯ ಕಳೆದ ಮೇಲೆ ಅವಳು ಊಹೆ ಮಾಡುವುದನ್ನೇ ಬಿಟ್ಟಿದ್ದಳು. ಪನ್ನೀರಿನವನ ಹೆಸರು ಎತ್ತುತ್ತಿರಲಿಲ್ಲ. ಓದಿ ನಿಲ್ಲಿಸಿದರೆ, "ಆಮ್ಯಾಲೆ?" ಎನ್ನುತ್ತಿದ್ದಳು, ಅಷ್ಟೇ. ಕತ್ತಿ ಹಿರಿದರೆ, ಬಾಗಿಲು ಒಡೆದರೆ, ಹೊದಿಕೆಯ ಅಂಚನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು, ಹಣೆಯ ಮೇಲೆ ಬೆವರು ಮೂಡುತ್ತಿತ್ತು. ಹನ್ನೊಂದು ವರ್ಷ ಯಾವ ಕಾದಂಬರಿಕಾರನಿಗೂ ಸೋಲದವಳು ತನ್ನ ಕೈಯಲ್ಲಿ ಸೋತಳು ಎಂದು ಗದಿಗೆಪ್ಪ ಉಬ್ಬಿದ. ಬೀಗಬಾರದೆಂದು ನೋಟ್‌ಬುಕ್ಕಿನಲ್ಲಿ ಇತ್ತು, ನಿಜ. ಆದರೆ ಲೋಕಲ್‌ನ ಕಿಟಕಿಯಲ್ಲಿ ತನ್ನ ಮುಖ ಕಂಡಾಗ ಒಮ್ಮೊಮ್ಮೆ ಅವನು ತಡೆಯಲಾರದೆ ನಗುತ್ತಿದ್ದ. ಯಮನ ಕೆಲಸವನ್ನು ಒಬ್ಬ ಪತ್ರ ಬರೆಯುವ ಗುಮಾಸ್ತ ದಿನಾ ಸಂಜೆ ಮುಂದಕ್ಕೆ ಹಾಕುತ್ತಿದ್ದ. ನಿಜವಾದ ನಾಲ್ಕನೆಯ ಭಾಗ ಇನ್ನೂ ಅವನ ಕೋಟಿನಲ್ಲೇ ಇತ್ತು. ಅದನ್ನು ಅವನು ಸುಡಲಿಲ್ಲ. ಅವಳು ಗುಣವಾಗಿ ಎದ್ದು ಕೂತ ದಿನ, ತಾನು ಮಾಡಿದ ಮೋಸವನ್ನೆಲ್ಲ ಒಪ್ಪಿಕೊಂಡು, ಅದನ್ನು ಓದಿ ಹೇಳಬೇಕೆಂದಿದ್ದ. ಹೌದು, ಆಗಲೇ ಅವನು ಗುಣವಾಗುವ ಮಾತನ್ನು ಯೋಚಿಸತೊಡಗಿದ್ದ.

ಅವನಿಗೆ ಹೆಂಡತಿ ಬೇಕಾಗಿದ್ದಳು. ಬೇರೆ ಏನೂ ಬೇಕಾಗಿರಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ವಿಜಾಪುರದಿಂದ ಒಂದು ಟ್ರಂಕು ಹಿಡಿದು ಅವನ ಹಿಂದೆ ಗಾಡಿಯಿಂದ ಇಳಿದವಳು ಈ ಊರಿನಲ್ಲಿ ಅವನನ್ನು ಒಬ್ಬನೇ ಬಿಟ್ಟು ಹೋಗಕೂಡದು.

ಎಳ್ಳು ಅಮಾವಾಸ್ಯೆ ಹತ್ತಿರ ಬಂತು, ದೀಪಾವಳಿ ಕಳೆದು ಎರಡು ತಿಂಗಳಾಗುತ್ತ ಬಂದಿತ್ತು. ರಾಚವ್ವ ಹಾಸಿಗೆಗೆ ಹಾಸಿಗೆಯಾಗಿಬಿಟ್ಟಿದ್ದಳು. ಕಣ್ಣು ಮಾತ್ರ ಉಳಿದಿತ್ತು. ಒಂದು ಸಂಜೆ ನೀಲವ್ವ ಗೋವಳಕೊಂಡದ ಕೋಟೆಯ ಹೊರಗೆ ಒಂದು ಕಲ್ಲಿನ ಮೇಲೆ ಕೂತಿದ್ದಳು. ಓದು ನಿಂತಿತು. ರಾಚವ್ವ ಕೇಳಿದಳು.

"ನೀಲವ್ವನ ಕಾಲು ನೋಯಾಕತ್ತಿರಬೇಕಲ್ರಿ?"

"ಯಾಕ?"

"ಎಷ್ಟ್ ಅಡ್ಡಾಡತಾಳ ಪಾಪ. ಆ ವಯಸ್ಸಿನ್ಯಾಗ, ಎಣ್ಣಿ ಕೊಡ ಹೊತಗೊಂಡು. ಆಕಿನ್ನ ಒಮ್ಮೆ ಮನಿಗೆ ಕರಕೊಂಡು ಬರಬಾರದೇನ್ರಿ?"

ಗದಿಗೆಪ್ಪ ಕಂತನ್ನು ಮಡಿಸಿಟ್ಟ. "ಅದು ಬರಿಯಾಂವನ ಕೈಯಾಗ ಐತಿ, ರಾಚವ್ವ."

"ಹೌದು," ಎಂದಳು ಅವಳು. "ಅವನ ಕೈಯಾಗೇ ಐತಿ."

ಮರುದಿನ ಊಟದ ಬಿಡುವಿನಲ್ಲಿ ಅವನು ನೀಲವ್ವನನ್ನು ವಿಜಾಪುರದ ದಾರಿ ಹಿಡಿಸಿದ. ಊರ ಅಗಸೆ ಕಂಡಿತು, ಗಾಣದ ಸದ್ದು ಕೇಳಿಸಿತು. ಇನ್ನೊಂದು ಪುಟ ಬರೆದಿದ್ದರೆ ಅವಳು ಮನೆಯ ಬಾಗಿಲಲ್ಲಿ ಇರುತ್ತಿದ್ದಳು. ಅವನ ಕೈ ನಿಂತಿತು. ಹದಿನೈದು ನಿಮಿಷ ಹಾಗೆಯೇ ಕೂತು, ಆಮೇಲೆ ಅಗಸೆಯ ಬುಡದಲ್ಲಿ ಇನ್ನೊಂದು ಹೆಣ ಹಾಕಿದ. ನೀಲವ್ವ ಎಣ್ಣೆಯ ಕೊಡ ಮತ್ತೆ ತಲೆಯ ಮೇಲೆ ಇಟ್ಟುಕೊಂಡಳು. ಅಂದು ಸಂಜೆ ಅದನ್ನು ಕೇಳಿ ರಾಚವ್ವ ನಕ್ಕಳು. "ಪಾಪ, ಬಿಡಾಕ ಒಲ್ಲ ನೋಡ್ರಿ ಅಂವ," ಎಂದಳು, "ಆಮ್ಯಾಲೆ?"

ಎರಡು ದಿನ ಬಿಟ್ಟು, ಗುರುವಾರ, ನಲವತ್ತನಾಲ್ಕನೆಯ ಕಂತಿಗೆ ದಾರ ಪೋಣಿಸುತ್ತಿದ್ದಾಗ ಸದಾನಂದ ಪೇಢಿಯ ಬಾಗಿಲಲ್ಲಿ ಬಂದು ನಿಂತ. ಗದಿಗೆಪ್ಪ ಸೂಜಿಯನ್ನು ಕಾಗದಕ್ಕೆ ಚುಚ್ಚಿಟ್ಟು ಎದ್ದ.

ರಾಚವ್ವನನ್ನು ಮಣ್ಣಿಗೆ ಒಯ್ಯುವಾಗ ಮೊದಲು ಹೆಗಲು ಕೊಟ್ಟವನು ಸಿದ್ದರಾಮಪ್ಪ. ಎರಡು ತಿಂಗಳಿಂದ ಮಾತು ಬಿಟ್ಟಿದ್ದವನು ಗೆಳೆಯನ ಬೆನ್ನ ಮೇಲೆ ಕೈಯಿಟ್ಟು ಮನೆಯವರೆಗೂ ನಡೆಸಿಕೊಂಡು ಬಂದ. ಗದಿಗೆಪ್ಪ ಅಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ವಾರಿಜಾ ಗಂಜಿ ತಂದು ಎದುರಿಗಿಟ್ಟಾಗ ಮಾತ್ರ, ಇಷ್ಟು ದಿನ ಯಾರಿಗೂ ಹೇಳದಿದ್ದುದು ತಾನಾಗಿ ಬಾಯಿಂದ ಬಂತು. ಅಪರಾಧಿಗಳೆಲ್ಲ ಕೊನೆಗೆ ಯಾರೆದುರಾದರೂ ಬಾಯಿ ಬಿಡುತ್ತಾರೆ, ಅದೂ ಅವನ ನೋಟ್‌ಬುಕ್ಕಿನಲ್ಲಿತ್ತು.

"ವಾರಿಜಾ, ನಾ ಆಕಿಗೆ ಮೋಸ ಮಾಡೀನವಾ. ನಾಕನೇ ಭಾಗ ಯಾವಾಗೋ ಬಂದಿತ್ತು. ನಾ ಮುಚ್ಚಿಟ್ಟೆ. ಓದಿದ್ದೆಲ್ಲಾ ನನ್ನ ಕೈಲೆ ಬರದದ್ದು. ಕೊಲೆಗಡಕ ಯಾರಂತ ಗೊತ್ತಾಗದನ ಹ್ವಾದಳಾಕಿ."

ವಾರಿಜಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಗೊತ್ತಿತ್ತು ಅಣ್ಣ, ಅಕ್ಕನಿಗೆ. ಹಬ್ಬಕ್ಕೆ ನಾನು ಸಾಂತಾಕ್ರೂಜಿಗೆ ನಮ್ಮ ತವರಿನ ಮೋನಪ್ಪಣ್ಣನ ಮನೆಗೆ ಹೋಗಿದ್ದೆ ಅಲ್ವಾ? ಅಲ್ಲಿ ಆ ಪುಸ್ತಕ ಇತ್ತು. ಕೂತಲ್ಲೇ ಓದಿ ಮುಗಿಸಿದೆ. ಪಾಡ್ಯದ ಮರುದಿನ ಬಂದವಳೇ ಅಕ್ಕನಿಗೆ ಇಡೀ ಕತೆ ಹೇಳಿಬಿಟ್ಟೆ. ಪನ್ನೀರಿನವ ಅಂತ ಕೇಳಿ ಚಪ್ಪಾಳೆ ತಟ್ಟಿದ್ರು. ಆಮೇಲೆ ನೀವು ಬೇರೆಯೇ ಓದ್ತಾ ಇದ್ದೀರಿ ಅಂತ ನನಗೂ ಗೋಡೆಯಾಚೆಯಿಂದ ಕೇಳ್ತಿತ್ತು. ಹೇಳುವುದಾ ಅಂತ ಕೇಳಿದ್ದಕ್ಕೆ ಅಕ್ಕ ನನ್ನ ಕೈ ಹಿಡಿದುಕೊಂಡು ಆಣೆ ಹಾಕಿಸಿದ್ರು. 'ಮಂದಿ ಕಾಗದ ಬಿಟ್ಟು ಈ ಮನಷಾ ಬ್ಯಾರೆ ಏನೂ ಬರದಾಂವಲ್ಲ, ತಂಗಿ. ಈಗ ನನ್ನ ಸಲುವಾಗಿ ಬರ್ಯಾಕತ್ಯಾನ. ಬರೀಲಿ ಬಿಡು' ಅಂದ್ರು."

ಸಾಂತಾಕ್ರೂಜ್! ಇಡೀ ಚಾಳಿಗೆ, ಇಡೀ ಗ್ರಾಂಟ್ ರೋಡಿಗೆ ಕಾವಲು ಹಾಕಿದ ಗದಿಗೆಪ್ಪ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿನವರ ಮನೆಗೆ ಹೋಗುತ್ತಾರೆಂಬುದನ್ನೇ ಮರೆತಿದ್ದ. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಮೂರು ದಿನದಿಂದ ತಡೆದದ್ದು ಬಂತು. ಅಳುತ್ತಳುತ್ತಲೇ ಅವನ ಎದೆಯ ಮೇಲಿನ ಭಾರ ಇಳಿಯಿತು. ಸಿಕ್ಕಿಬಿದ್ದಿದ್ದ, ನಾಲ್ಕನೆಯ ದಿನವೇ ಸಿಕ್ಕಿಬಿದ್ದಿದ್ದ. ಹಾಗಾದರೆ ಮೋಸ ಎಲ್ಲಿ ಆಯಿತು? ಸಂಜೆಯಾದರೆ ಗಂಡ ಹೆಂಡತಿ ಇಬ್ಬರೂ ಕೂಡಿ ಆಡಿದ ಆಟ ಅದು. ಯಾರಿಗೂ ಏನೂ ಕೆಡುಕಾಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಮಧ್ಯಾಹ್ನದ ಹೊತ್ತು ಅವನು ಗಂಜಿಯ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡ.

ವಾರಿಜಾ ಎದ್ದು ತನ್ನ ಖೋಲಿಗೆ ಹೋಗಿ ಒಂದು ಬಟ್ಟೆಯ ಚೀಲ ತಂದು ಅವನ ಮುಂದೆ ಮೆಲ್ಲಗೆ ಇಟ್ಟಳು. ಒಳಗೆ ಗಾಜು ತಾಗಿದ ಸದ್ದಾಯಿತು. "ಇದನ್ನು ಏನು ಮಾಡುವುದು ಅಣ್ಣ? ನನ್ನಲ್ಲಿ ಇಟ್ಟುಕೊಳ್ಳಲಿಕ್ಕೆ ಹೆದರಿಕೆ ಆಗ್ತದೆ," ಎಂದಳು. "ಡಾಕ್ಟರು ಸಂಜೆ ಐದು ಗಂಟೆಗೆ ಕೊಡ್ಲಿಕ್ಕೆ ಹೇಳಿದ ನೋವಿನ ಔಷಧಿ. ವಾರಕ್ಕೊಂದು ಬಾಟಲಿ ನಮ್ಮವರು ತರ್ತಿದ್ರು. ಕುಡಿದರೆ ನೋವು ನಿಂತು ಬೆಳಗಿನವರೆಗೆ ನಿದ್ದೆ ಬರ್ತದಂತೆ. ನೀವು ಓದ್ಲಿಕ್ಕೆ ಶುರು ಮಾಡಿದ ಮೇಲೆ ಅಕ್ಕ ಒಂದು ದಿನವೂ ಮುಟ್ಟಲಿಲ್ಲ. 'ಅವರು ಏಳಕ್ಕ ಓದಾಕ ಬರ್ತಾರ, ನಾ ಮಲಕ್ಕೊಂಡ್ರ ಯಾರಿಗೆ ಓದಬೇಕವಾ' ಅಂತಿದ್ರು. ಓದಿದ ಮೇಲಾದರೂ ಕುಡೀರಿ ಅಂದರೆ, ಐದಕ್ಕೆ ಕುಡಿದಿರಲಿಲ್ಲ ಅಂತ ನಿಮಗೆ ಗೊತ್ತಾದರೆ ಓದುವುದನ್ನೇ ನಿಲ್ಲಿಸ್ತೀರಿ ಅಂತ ಬೇಡ ಅಂದ್ರು." ಗದಿಗೆಪ್ಪ ಚೀಲದೊಳಗೆ ಕೈ ಹಾಕಿ ಒಂದೊಂದಾಗಿ ಹೊರಗೆ ತೆಗೆದ. ಎಂಟು ಬಾಟಲಿಗಳಿದ್ದವು. ಎಂಟರ ಬಿರಡೆಯ ಮೇಲೂ ಔಷಧಾಲಯದವರು ಹಾಕಿದ ಅರಗು ಹಾಗೆಯೇ ಇತ್ತು.